ಕೇಳುವವರ ಕಡೆ ತಿರುಗಿದ ಕ್ಯಾಮೆರಾ

ಚಿಕ್ಕಬಳ್ಳಾಪುರದಿಂದ ಬೆಂಗಳೂರಿಗೆ ಸುಮಾರು 60 ಕಿಲೋಮೀಟರ್. ಹೇಳಿಕೊಳ್ಳುವಂಥ ದೂರವಲ್ಲ. ಆದರೆ ಸಂಜೆ ಆರಕ್ಕೆ ಶುರುವಾಗುವ ಕಚೇರಿಯನ್ನು ಮಂಗಳದವರೆಗೆ ಕೇಳಿ ವಾಪಸ್ ಬರಬೇಕೆಂದರೆ ಇದೇ ದೂರ ದೊಡ್ಡದಾಗಿಬಿಡುತ್ತದೆ. ಕೊನೆಯ ಬಸ್ಸಿನ ಚಿಂತೆ ತನಿ ಆವರ್ತನದ ಹೊತ್ತಿಗೇ ಹತ್ತಿಕೊಳ್ಳುತ್ತದೆ. ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದವರ ಪಾಡು ಇನ್ನೂ ಕಷ್ಟ. ರಾಮನವಮಿಯ ಪೆಂಡಾಲು, ಕೈವಾರದ ಗುರುಪೂರ್ಣಿಮೆ, ಯಾರದೋ ಮದುವೆಯ ಆರತಕ್ಷತೆ ಬಿಟ್ಟರೆ ನಮ್ಮ ಕಡೆಯ ಜನಕ್ಕೆ ಶಾಸ್ತ್ರೀಯ ಸಂಗೀತ ಸಿಕ್ಕಿದ್ದು ಹೆಚ್ಚಾಗಿ ಪರದೆಯ ಮೇಲೆ. ಮೊದಲು ಟೆಂಟು, ಆಮೇಲೆ ದೂರದರ್ಶನ, ಈಗ ಅಂಗೈಯಗಲದ ಫೋನು. ಹಾಗಾಗಿ ಸಂಗೀತವನ್ನು ಚಿತ್ರೀಕರಿಸುವುದು ಹೇಗೆ ಎನ್ನುವ ಪ್ರಶ್ನೆ ನಮಗೆ ಬರೀ ಸಿನಿಮಾದವರ ಪ್ರಶ್ನೆಯಾಗಿ ಉಳಿದಿಲ್ಲ.

ಕಳೆದ ಮಳೆಗಾಲದಲ್ಲಿ ಗೆಳೆಯರೊಬ್ಬರ ಮನೆಯ ಮಹಡಿಯಲ್ಲಿ ಏಳೆಂಟು ಭಾನುವಾರ ಕೂತು ಇಂಥ ಚಿತ್ರಗಳನ್ನು ನೋಡಿದೆವು. ಗೋಡೆಗೆ ಬಿಳಿ ಪಂಚೆ ಕಟ್ಟಿ, ಬಾಡಿಗೆಗೆ ತಂದ ಪ್ರೊಜೆಕ್ಟರಿನಲ್ಲಿ. ಪದವಿ ಓದುವ ಹುಡುಗ ಹುಡುಗಿಯರು ಹತ್ತು ಹನ್ನೆರಡು ಮಂದಿ, ಗೌರಿಬಿದನೂರಿನಿಂದ ಬರುತ್ತಿದ್ದ ಸಂಗೀತದ ಮೇಷ್ಟ್ರೊಬ್ಬರು, ಕಾಫಿಗೆಂದೇ ಬರುತ್ತಿದ್ದ ಪಕ್ಕದ ಮನೆಯ ಅಜ್ಜ. ಹಾಡು ನಡೆಯುತ್ತಿರುವಾಗ ಕ್ಯಾಮೆರಾ ಏನನ್ನು ನೋಡುತ್ತಿದೆ ಎಂದು ಗಮನಿಸಿ ಎನ್ನುವುದಷ್ಟೇ ನಾನು ಅವರಿಗೆ ಕೊಟ್ಟಿದ್ದ ಕೆಲಸ.

ಶುರು ಮಾಡಿದ್ದು ‘ಶಂಕರಾಭರಣಂ’ನಿಂದ. ಕನ್ನಡದ ಪತ್ರಿಕೆಯಲ್ಲಿ ತೆಲುಗು ಚಿತ್ರದಿಂದ ಆರಂಭಿಸುವುದಕ್ಕೆ ಕಾರಣ ಹೇಳಬೇಕಾಗಿಲ್ಲ ಅಂದುಕೊಂಡಿದ್ದೇನೆ. ನಮ್ಮ ಸೀಮೆಯಲ್ಲಿ ಎಷ್ಟೋ ಮನೆಗಳ ಅಡುಗೆಮನೆ ಭಾಷೆ ತೆಲುಗು, ಬೀದಿಯ ಭಾಷೆ ಕನ್ನಡ. ತ್ಯಾಗರಾಜರ ಸಾಹಿತ್ಯ ಬೆಂಗಳೂರಿನ ರಸಿಕರಿಗೆ ಅರ್ಥ ಬಿಡಿಸಿ ಹೇಳಬೇಕಾದ ಸಂಗತಿ. ನಮ್ಮಜ್ಜಿಗೆ ಅದು ದೇವರ ಜೊತೆ ಪಕ್ಕದ ಮನೆಯವರು ಆಡುವ ಜಗಳದ ಹಾಗೆ ಕೇಳುತ್ತಿತ್ತು. 1980ರಲ್ಲಿ ಬಂದ ಕೆ. ವಿಶ್ವನಾಥ್ ಅವರ ಆ ಚಿತ್ರ ನಮ್ಮ ಕಡೆ ಡಬ್ಬಿಂಗ್ ಇಲ್ಲದೆ, ವಿವರಣೆ ಇಲ್ಲದೆ ಜನರೊಳಗೆ ಇಳಿಯಿತು. ರಾಗದ ಹೆಸರೊಂದು ಹೋಟೆಲಿನ ಮಾಣಿಯ ಬಾಯಲ್ಲೂ ಬಂದದ್ದು ಆಗಲೇ.

ಈಗ ನೋಡಿದರೆ ಅದರ ಸಂಗೀತದ ವಾದ ತೆಳ್ಳಗೆ ಕಾಣುತ್ತದೆ. ಶುದ್ಧ ಸಂಗೀತವನ್ನು ಉಳಿಸಿ ಎಂದು ಗುಡುಗುವ ಶಂಕರಶಾಸ್ತ್ರಿಗಳ ಹಾಡುಗಳು ಕೆ.ವಿ. ಮಹಾದೇವನ್ ಸಿನಿಮಾದ ಅಳತೆಗೆ ಕತ್ತರಿಸಿ ಹೊಲಿದವು. ಹಾಡಿದ ಎಸ್‌.ಪಿ. ಬಾಲಸುಬ್ರಹ್ಮಣ್ಯಂ ಕ್ರಮವಾಗಿ ಶಾಸ್ತ್ರೀಯ ಸಂಗೀತ ಕಲಿತವರಲ್ಲ. ಶಾಸ್ತ್ರಿಗಳಾಗಿ ನಟಿಸಿದ ಜೆ.ವಿ. ಸೋಮಯಾಜುಲು ಸರ್ಕಾರಿ ಅಧಿಕಾರಿ, ರಂಗನಟ; ಹಾಡುಗಾರರಲ್ಲ. ಇಷ್ಟೆಲ್ಲ ಕೃತಕ ಸೇರಿಯೂ ಚಿತ್ರ ನಿಂತಿದೆಯಲ್ಲ, ಅದು ತುಳಸಿಯ ಪಾತ್ರದಿಂದ ಎಂದು ನನಗೆ ಈ ಸಲ ಹೊಳೆಯಿತು. ಮಂಜು ಭಾರ್ಗವಿ ಮಾಡಿದ ಆ ಪಾತ್ರಕ್ಕೆ ಮಾತೇ ಕಡಿಮೆ. ಆಕೆ ದೂರದಲ್ಲಿ ನಿಂತು ಕೇಳುತ್ತಾಳೆ. ಬಾಲು ಮಹೇಂದ್ರ ಅವರ ಕ್ಯಾಮೆರಾ ಆಕೆ ಕೇಳುವುದನ್ನು ನೋಡುತ್ತದೆ. ಟೆಂಟಿನಲ್ಲಿ ನೆಲದ ಮೇಲೆ ಕೂತ ನಮ್ಮಂಥವರು, ಸಂಗೀತವೆಂದರೆ ಹೀಗೆ ಕೇಳಬೇಕಾದದ್ದು ಎಂದು ಆಕೆಯಿಂದ ಕಲಿತೆವು.

ಅದಕ್ಕಿಂತ ಐದು ವರ್ಷ ಹಿಂದಿನ ಜಿ.ವಿ. ಅಯ್ಯರ್ ಅವರ ‘ಹಂಸಗೀತೆ’ ಸಂಗೀತದ ದೃಷ್ಟಿಯಿಂದ ಬಹಳ ಗಟ್ಟಿ. ತ.ರಾ.ಸು. ಕಾದಂಬರಿ, ತೆರೆಯ ಮೇಲೆ ಅನಂತನಾಗ್, ಕಂಠ ಬಾಲಮುರಳಿಕೃಷ್ಣ ಅವರದು. ಆ ಗಾಯನಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು. ನಮ್ಮ ಹುಡುಗರಿಗೆ ಮಾತ್ರ ಅದು ನಿಧಾನ ಅನ್ನಿಸಿತು. ಒಬ್ಬ ಎದ್ದು ಹೋಗಿ ಬೋಂಡಾ ತಂದ. ಇದೇ ಕಾದಂಬರಿ 1956ರಲ್ಲೇ ಹಿಂದಿಯ ‘ಬಸಂತ್ ಬಹಾರ್’ ಆಗಿತ್ತು ಎಂದೆ. ಅದರ ಸ್ಪರ್ಧೆಯ ಹಾಡಿನಲ್ಲಿ ಕಥೆಯ ಪ್ರಕಾರ ಮನ್ನಾ ಡೇ ಗೆಲ್ಲಬೇಕು, ಸೋಲಬೇಕಾದವರು ಭೀಮಸೇನ ಜೋಶಿ! ಮನ್ನಾ ಡೇ ಹೆದರಿಹೋಗಿದ್ದರಂತೆ ಎಂದಾಗ ಎಲ್ಲರಿಗೂ ನಗು ಬಂದು ಮತ್ತೆ ಕೂತರು.

ಆದರೆ ಇವೆಲ್ಲ ಕಥಾಚಿತ್ರಗಳು. ಅಲ್ಲಿ ಹಾಡನ್ನು ಮೊದಲೇ ಮುದ್ರಿಸಿಕೊಂಡು ತುಟಿ ಆಡಿಸುತ್ತಾರೆ. ನಿಜವಾಗಿ ಹಾಡುತ್ತಿರುವವರ ಎದುರು ಕ್ಯಾಮೆರಾ ಇಟ್ಟಾಗ ಏನಾಗುತ್ತದೆ? ಇಲ್ಲಿ ಒಂದು ಯಂತ್ರದ ಸಂಗತಿ ಹೇಳಬೇಕು. 35 ಎಂಎಂ ಫಿಲ್ಮಿನ 1000 ಅಡಿಯ ಸುರುಳಿ, ಸೆಕೆಂಡಿಗೆ 24 ಚೌಕಟ್ಟಿನ ಲೆಕ್ಕದಲ್ಲಿ, ಸುಮಾರು 11 ನಿಮಿಷ ಓಡುತ್ತದೆ. 16 ಎಂಎಂನ 400 ಅಡಿಯದೂ ಅಷ್ಟೇ. ತೋಡಿಯನ್ನೋ ಕಾಂಬೋಧಿಯನ್ನೋ ವಿಸ್ತಾರವಾಗಿ ಆಲಾಪನೆ ಮಾಡುವ ಗಾಯಕರು ಇನ್ನೂ ಪಂಚಮದ ಹತ್ತಿರ ಓಡಾಡುತ್ತಿರುವಾಗಲೇ ಸುರುಳಿ ಮುಗಿದಿರುತ್ತದೆ. ಹಳೆಯ ಗ್ರಾಮಫೋನ್ ತಟ್ಟೆ ಮೂರು ನಿಮಿಷಕ್ಕೆ ಸಂಗೀತವನ್ನು ಮಡಚಿದ ಕಥೆ ಎಲ್ಲರಿಗೂ ಗೊತ್ತು. ಫಿಲ್ಮಿನ 11 ನಿಮಿಷದ ಬಗ್ಗೆ ಯಾರೂ ಅಷ್ಟು ಮಾತಾಡುವುದಿಲ್ಲ. ಫಿಲ್ಮು ದುಬಾರಿ ಬೇರೆ. ಹಾಗಾಗಿ ಸಾಕ್ಷ್ಯಚಿತ್ರದವರು ಹಾಡಿನ ತುಣುಕು ತೆಗೆದುಕೊಂಡು, ಅದರ ಮೇಲೆ ವ್ಯಾಖ್ಯಾನ ಹಾಕಿ, ನಡುವೆ ದೇವಸ್ಥಾನದ ಗೋಪುರ, ಹರಿಯುವ ನದಿ, ಸೂರ್ಯಾಸ್ತ ತೋರಿಸಿ ಮುಗಿಸುವ ಪದ್ಧತಿ ಬೆಳೆಯಿತು. ನದಿಯ ತಪ್ಪೇನೂ ಇಲ್ಲ, ಪಾಪ.

ಈ ಕಟ್ಟಿಗೆ ಒಳಪಟ್ಟೂ ಕೆಲವರು ದೊಡ್ಡ ಕೆಲಸ ಮಾಡಿದರು. ಸತ್ಯಜಿತ್ ರೇ 1976ರಲ್ಲಿ ಬಾಲಸರಸ್ವತಿ ಅವರ ಬಗ್ಗೆ ‘ಬಾಲಾ’ ತೆಗೆದಾಗ ಆಕೆಗೆ ಐವತ್ತೆಂಟರ ಆಸುಪಾಸು. ನಮ್ಮ ವ್ಯಾಸರಾಯರ ಪದವೊಂದಕ್ಕೆ ಆಕೆ ಸಮುದ್ರದ ಮುಂದೆ ಅಭಿನಯಿಸುವ ಭಾಗ ಬಹಳ ಪ್ರಸಿದ್ಧ. ಗಾಳಿ ಸೆರಗನ್ನು ಎಳೆದಾಡುತ್ತದೆ, ಹಿಂದೆ ಅಲೆಗಳು. ರಂಗದ ಮೇಲೆ ಎಂದೂ ಇಲ್ಲದ ಸಮುದ್ರ ಇಲ್ಲೇಕೆ ಎಂದು ಆಕ್ಷೇಪಿಸಿದವರಿದ್ದಾರೆ. ನನಗೂ ಆ ಸಮುದ್ರ ಅಷ್ಟಾಗಿ ಹಿಡಿಸುವುದಿಲ್ಲ. ಆಕೆಯ ಮುಖ ಒಂದೇ ಸಾಕಿತ್ತು. ಚಿತ್ರದ ಕೊನೆಯಲ್ಲಿ ವರ್ಣ ಮಾಡುವಾಗ ಕ್ಯಾಮೆರಾ ತಾನು ಜಾಣ ಎಂದು ತೋರಿಸಿಕೊಳ್ಳದೆ ದೂರ ನಿಂತು ನೋಡುತ್ತದಲ್ಲ, ಅದು ನನಗೆ ಹೆಚ್ಚು.

ಮಣಿ ಕೌಲ್ ಅವರದು ಇನ್ನೊಂದು ದಾರಿ. ಅವರು ಸ್ವತಃ ಡಾಗರ್ ಮನೆತನದವರ ಬಳಿ ದ್ರುಪದ್ ಕಲಿತವರು. 1982ರ ‘ದ್ರುಪದ್’ನಲ್ಲಿ ಜಿಯಾ ಮೊಹಿಯುದ್ದೀನ್ ಡಾಗರ್ ಅವರ ರುದ್ರವೀಣೆ, ಜಿಯಾ ಫರಿದುದ್ದೀನ್ ಡಾಗರ್ ಅವರ ಗಾಯನ. ಕ್ಯಾಮೆರಾ ಕಲ್ಲಿನ ಕಟ್ಟಡಗಳ ಮೇಲೆ ಆಲಾಪನೆಯ ನಡಿಗೆಯಲ್ಲೇ ಸರಿಯುತ್ತದೆ. ಕೊನೆಗೆ ಮುಂಬಯಿಯ ಮನೆಗಳ ಮಾಡುಗಳ ಮೇಲೆ ಸಾಗುತ್ತ ಸಾಗುತ್ತ ನಿಲ್ಲುವುದನ್ನೇ ಮರೆಯುತ್ತದೆ. ನಮ್ಮ ಮಹಡಿಯಲ್ಲಿ ಅದು ಮುಗಿದಾಗ ಯಾರೂ ಲೈಟು ಹಾಕಲಿಲ್ಲ. ಪಕ್ಕದ ಮನೆಯ ಅಜ್ಜ ಮಾತ್ರ, “ಇದೇನಪ್ಪ, ಪಾಟೇಲಿ ಬಿಟ್ಟು ಮಾಳಿಗೆ ತೋರಿಸ್ತಾನೆ” ಎಂದರು. ಅವರ ಮಾತಲ್ಲೂ ಹುರುಳಿದೆ. ಕೌಲ್ ತಮಗೆ ಕೇಳಿಸಿದ್ದನ್ನು ತೋರಿಸಿದರು. ಕೇಳಿದ ಬೇರೆ ಯಾರೂ ಅಲ್ಲಿ ಇಲ್ಲ.

ಮುಖವನ್ನೇ ನಂಬಿದವರೂ ಇದ್ದಾರೆ. ಎಲ್ಲಿಸ್ ಆರ್. ಡಂಗನ್ ‘ಮೀರಾ’ ತೆಗೆಯುವ ಮುಂಚೆ ಎಂ.ಎಸ್. ಸುಬ್ಬುಲಕ್ಷ್ಮಿ ಅವರ ಮುಖದ ಪ್ಲಾಸ್ಟರ್ ಪ್ರತಿಮೆ ಮಾಡಿಸಿ, ಬೆಳಕು ಯಾವ ಕಡೆಯಿಂದ ಬಿದ್ದರೆ ಚೆಂದ ಎಂದು ಪರೀಕ್ಷೆ ಮಾಡಿದ್ದರು. ಆ ಶ್ರದ್ಧೆಗೆ ಕೈ ಮುಗಿಯಬೇಕು. ಆದರೆ ಆ ಪ್ರತಿಮೆ ನಮ್ಮ ಕಚೇರಿ ವಿಡಿಯೋಗಳೊಳಗೆ ಇನ್ನೂ ಕೂತಿದೆ ಎನ್ನಿಸುತ್ತದೆ. ಇವತ್ತು ನಾಲ್ಕು ಕ್ಯಾಮೆರಾ ಇಟ್ಟು ತೆಗೆದ ಕಚೇರಿಯಲ್ಲೂ ಹತ್ತರಲ್ಲಿ ಏಳು ಪಾಲು ಹೊತ್ತು ಗಾಯಕರ ಮುಖ. ಹಿಂದೆ ಹೂವಿನ ಅಲಂಕಾರ, ಪ್ರಾಯೋಜಕರ ಹೆಸರು. ಸಭೆ ಇದೆಯೋ ಇಲ್ಲವೋ ಗೊತ್ತಾಗುವುದು ಕೊನೆಯ ಚಪ್ಪಾಳೆಯಲ್ಲಿ.

ಈ ವಿಷಯದಲ್ಲಿ ನನಗೆ ದೊಡ್ಡ ಪಾಠ ಹೇಳಿದ್ದು ಒಂದು ಅಮೆರಿಕನ್ ಚಿತ್ರ. 1967ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನಡೆದ ಪಾಪ್ ಉತ್ಸವದ ಬಗ್ಗೆ ಡಿ.ಎ. ಪೆನ್ನೆಬೇಕರ್ ತೆಗೆದ ‘ಮಾಂಟೆರೆ ಪಾಪ್’. ಗಿಟಾರಿಗೆ ಬೆಂಕಿ ಇಟ್ಟ ಜಿಮಿ ಹೆಂಡ್ರಿಕ್ಸ್ ಇರುವ ಚಿತ್ರ ಅದು. ಆದರೆ ಅದು ಮುಗಿಯುವುದು ರವಿಶಂಕರ್ ಅವರ ಸಿತಾರ್, ಅಲ್ಲಾರಖಾ ಅವರ ತಬಲಾದಲ್ಲಿ, ಹೆಚ್ಚುಕಡಿಮೆ 18 ನಿಮಿಷ. ವಿಶೇಷವೆಂದರೆ ಮೊದಲ ಕೆಲವು ನಿಮಿಷ ಸಿತಾರ್ ಕೇಳಿಸುತ್ತದೆ, ಕಾಣಿಸುವುದಿಲ್ಲ. ಕಾಣುವುದು ಜನ. ಕಣ್ಣು ಮುಚ್ಚಿದವರು, ಅತ್ತಿತ್ತ ಅಲೆಯುವವರು, ಇದೇನೆಂದು ಅರ್ಥವಾಗದೆ ಕೂತವರು, ಕ್ರಮೇಣ ಅದರೊಳಗೆ ಸಿಕ್ಕಿಬೀಳುವವರು. ವಾದಕರು ತೆರೆಗೆ ಬರುವ ಹೊತ್ತಿಗೆ ನಾವೂ ಆ ಜನರಲ್ಲಿ ಒಬ್ಬರಾಗಿರುತ್ತೇವೆ. ಆ ಪ್ರೇಕ್ಷಕರಿಗೆ ರಾಗ ಗೊತ್ತಿಲ್ಲ, ತಾಳ ಗೊತ್ತಿಲ್ಲ. ಪೆನ್ನೆಬೇಕರ್‌ಗೂ ಗೊತ್ತಿತ್ತೆಂದು ನಾನು ನಂಬುವುದಿಲ್ಲ. ಬಹುಶಃ ಗೊತ್ತಿಲ್ಲದ್ದರಿಂದಲೇ ಅವರು ಕೇಳುವವರನ್ನು ನೋಡಿದರು. ಸಂಗೀತವನ್ನು ದೇವರಕೋಣೆಯಲ್ಲಿಟ್ಟ ನಮ್ಮವರಿಗೆ ಆ ಧೈರ್ಯ ಕಡಿಮೆ. ‘ಜಲ್ಸಾಘರ್’ನಲ್ಲಿ ರೇ ಅವರಿಗೆ ಇತ್ತು. ಬೇಗಂ ಅಖ್ತರ್ ಹಾಡುವಾಗ ಛವಿ ಬಿಸ್ವಾಸ್ ಅವರ ಜಮೀನ್ದಾರ ಕೇಳುವ ರೀತಿಯಲ್ಲೇ ಅವನ ಮನೆತನ ಮುಳುಗುತ್ತಿರುವುದು ಗೊತ್ತಾಗುತ್ತದೆ.

ಇಷ್ಟು ಹೇಳಿ ನಾನು ಗೆದ್ದೆ ಅಂದುಕೊಂಡಿದ್ದ ದಿನವೇ ಶಿಡ್ಲಘಟ್ಟದಿಂದ ಬರುತ್ತಿದ್ದ ಹುಡುಗಿ ನನ್ನ ವಾದಕ್ಕೆ ಅಡ್ಡ ಬಂದಳು. ಅವಳು ಪಿಟೀಲು ಕಲಿಯುತ್ತಿದ್ದಾಳೆ. ವಾರಕ್ಕೊಮ್ಮೆ ಪಾಠ, ಉಳಿದ ಆರು ದಿನ ಫೋನಿನ ವಿಡಿಯೋಗಳೇ ಗುರು. ವೇಗವನ್ನು ಅರ್ಧಕ್ಕೆ ಇಳಿಸಿ ಬೆರಳು ನೋಡುತ್ತಾಳೆ. “ಸರ್, ಜನಾನ ನೋಡಿ ನಾನೇನ್ ಮಾಡ್ಲಿ? ನಂಗೆ ಬೆರಳು ಬೇಕು. ಅವರು ಸ್ವರ ಹಾಡಿ ಬಿಡ್ತಾರೆ, ಪಿಟೀಲಿನವರ ಸರದಿ ಬರುತ್ತೆ, ಆಗ್ಲೂ ಕ್ಯಾಮೆರಾ ಹಾಡೋರ ಮುಖದ ಮೇಲೇ ಇರುತ್ತೆ. ಅವರು ಆಗ ನೀರು ಕುಡೀತಾ ಇರ್ತಾರೆ ಸರ್!”

ಎಲ್ಲರೂ ನಕ್ಕೆವು. ಆದರೆ ಅವಳ ದೂರು ನನ್ನದಕ್ಕಿಂತ ಗಂಭೀರ. ಗೌರಿಬಿದನೂರಿನ ಮೇಷ್ಟ್ರು ಅವಳ ಪಕ್ಷ ವಹಿಸಿದರು. ಅವರ ತಾಲ್ಲೂಕಿನ ಚಿಂತಲಪಲ್ಲಿಯಿಂದ ಬಂದ ಸಂಗೀತದ ಮನೆತನ ಕನ್ನಡ ನಾಡಿಗೇ ಗೊತ್ತು. ಚಿಂತಲಪಲ್ಲಿ ವೆಂಕಟರಾಯರು, ರಾಮಚಂದ್ರರಾಯರು ಅದೇ ಪರಂಪರೆಯವರು. ಅಂಥ ಮನೆಗಳಲ್ಲಿ ಪಾಠ ನಡೆಯುತ್ತಿದ್ದದ್ದು ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತು. “ಆ ಹತ್ತಿರ ಈಗ ಈ ಮಗೂಗೆ ಯಾರು ಕೊಡ್ತಾರೆ? ಕ್ಯಾಮೆರಾ ತಾನೇ ಕೊಡಬೇಕು” ಎಂದರು ಮೇಷ್ಟ್ರು. ನಾನು ವಾದ ಬೆಳೆಸಲಿಲ್ಲ. ನೀರು ಕುಡಿಯುವ ಮುಖದ ವಿಷಯದಲ್ಲಂತೂ ನಾವು ಮೂವರದೂ ಒಂದೇ ಜಗಳ. ಪಕ್ಕವಾದ್ಯದವರು ನುಡಿಸುವಾಗ ಗಾಯಕರು ನಿಜವಾಗಿ ಕೇಳುತ್ತಿದ್ದರೆ ಆ ಮುಖವೂ ನೋಡತಕ್ಕದ್ದೇ. ಯಾವ ಕ್ಷಣದಲ್ಲಿ ಸಂಗೀತ ಯಾರ ಕೈಯಲ್ಲಿದೆ, ಯಾರ ಕಿವಿಯಲ್ಲಿದೆ ಎಂದು ತಿಳಿದು ಕ್ಯಾಮೆರಾ ತಿರುಗಬೇಕು. ಅದಕ್ಕೆ ಕ್ಯಾಮೆರಾದವರು ಕಚೇರಿ ಕೇಳಿರಬೇಕು.

ಕೈವಾರಕ್ಕೆ ಹೋದವರಿಗೆ ನಾನು ಹೇಳುತ್ತಿರುವುದು ಬೇಗ ತಿಳಿಯುತ್ತದೆ. ಚಿಂತಾಮಣಿ ತಾಲ್ಲೂಕಿನ ಆ ಊರಿನಲ್ಲಿ ಗುರುಪೂರ್ಣಿಮೆಗೆ 72 ಗಂಟೆ, ಮೂರು ಹಗಲು ಮೂರು ರಾತ್ರಿ, ಬಿಡುವಿಲ್ಲದೆ ಸಂಗೀತ ನಡೆಯುತ್ತದೆ. ಬಳೆ ಮಾರುತ್ತಿದ್ದ ನಾರೇಯಣ ತಾತಯ್ಯನವರು ತೆಲುಗಿನಲ್ಲೂ ಕನ್ನಡದಲ್ಲೂ ಪದ ಕಟ್ಟಿದವರು. ಅವರ ಮೇಲೆ 1961ರಲ್ಲೇ ‘ಕೈವಾರ ಮಹಾತ್ಮೆ’ ಎಂಬ ಚಿತ್ರ ಬಂದಿತ್ತು, ರಾಜ್‌ಕುಮಾರ್ ಅದರಲ್ಲಿದ್ದರು. ಆದರೆ ನನಗೆ ಸಿನಿಮಾ ಅನ್ನಿಸುವುದು ಅಲ್ಲಿನ ರಾತ್ರಿ ಎರಡು ಗಂಟೆ. ಹೆಸರಾಂತ ವಿದ್ವಾಂಸರೂ ಹಾಡುತ್ತಾರೆ, ಹಳ್ಳಿಯ ಭಜನೆ ತಂಡದವರೂ ಹಾಡುತ್ತಾರೆ. ಕೆಳಗೆ ಜಮಖಾನದ ಮೇಲೆ ಅರ್ಧ ಜನ ಮಲಗಿರುತ್ತಾರೆ. ತೊಡೆಯ ಮೇಲೆ ಮೊಮ್ಮಗುವನ್ನು ಮಲಗಿಸಿಕೊಂಡು ಅದರ ಬೆನ್ನ ಮೇಲೇ ತಾಳ ಹಾಕುವ ಅಜ್ಜಿಯರಿರುತ್ತಾರೆ. ಪರಿಚಿತ ಪದ ಬಂದರೆ ನಿದ್ದೆಯಲ್ಲಿದ್ದವರು ಎದ್ದು ಕೂರುತ್ತಾರೆ. ಆ ಎಚ್ಚರವಾಗುವ ಮುಖವನ್ನು ಯಾರಾದರೂ ಚಿತ್ರ ಮಾಡಬೇಕು. 11 ನಿಮಿಷದ ಸುರುಳಿಯ ಕಾಲದಲ್ಲಿ ಇದು ಆಗದ ಮಾತಾಗಿತ್ತು. ಈಗ ಜೇಬಿನಲ್ಲಿರುವ ಫೋನಿಗೆ ಆಗುತ್ತದೆ.

ನನ್ನಪ್ಪ ನನ್ನನ್ನು ಮೊದಲು ಅಲ್ಲಿಗೆ ಕರೆದುಕೊಂಡು ಹೋದವರು. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಕೆಲಸ ಅವರದು. ಗೂಡು ಬೇಯುವ ಬಿಸಿನೀರಿನಲ್ಲಿ ದಿನವಿಡೀ ಆಡಿ ಬೆರಳಿನ ತುದಿಗಳು ಬೆಳ್ಳಗೆ ಸುಕ್ಕುಗಟ್ಟಿದ್ದವು. ಸಂಜೆ ರೇಡಿಯೋ ಹಾಕಿಕೊಂಡು ಆ ಬೆರಳುಗಳಲ್ಲಿ ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ನಾನು ವೇದಿಕೆಯನ್ನೇ ಬಾಯಿ ಬಿಟ್ಟು ನೋಡುತ್ತಿದ್ದರೆ, “ಪಾಟ ಇನ್ರಾ, ಮೊಖಂ ಸೂಡಾಕು” ಎಂದು ತಲೆಗೆ ಮೊಟಕುತ್ತಿದ್ದರು. ಹಾಡು ಕೇಳು, ಮುಖ ನೋಡಬೇಡ. ಅವರಿಗೆ ಸಂಗೀತ ಬಹಳ ತಿಳಿದಿದೆ ಎನ್ನುವುದು ನಮ್ಮ ಮನೆಯಲ್ಲಿ ಪ್ರಶ್ನೆ ಮಾಡದ ವಿಷಯ. ಓಣಿಯವರೂ ಹಾಗೇ ಅಂದುಕೊಂಡಿದ್ದರು.

ಅವರು ತೀರಿಕೊಂಡ ಮೇಲೆ, ಅವರು ಕೂತು ಕೇಳಿದ ಕಚೇರಿಗಳ ವಿಡಿಯೋ ಎಲ್ಲಾದರೂ ಸಿಕ್ಕೀತೇ ಎಂದು ಹುಡುಕಿದೆ. ಕಡೆಯ ವರ್ಷಗಳ ಎರಡು ಕಚೇರಿ ಸಿಕ್ಕವು. ಒಳ್ಳೆಯ ಕ್ಯಾಮೆರಾ, ಒಳ್ಳೆಯ ಧ್ವನಿ. ಒಂದರಲ್ಲಿ ಅಪ್ಪ ಮುಂದಿನ ಸಾಲಿನಲ್ಲೇ ಇದ್ದರೆಂದು ನನಗೆ ಗೊತ್ತು, ಪಕ್ಕದಲ್ಲಿ ನಾನೇ ಇದ್ದೆ. ಎರಡೂವರೆ ಗಂಟೆಯಲ್ಲಿ ಒಂದು ಸಲವೂ ಕ್ಯಾಮೆರಾ ಈ ಕಡೆ ತಿರುಗಿಲ್ಲ.

ಸಿಕ್ಕಿದ್ದು ಬೇರೆ ಕಡೆ. 1994ರ ರಾಮನವಮಿಯ ಕಚೇರಿಯೊಂದರ ವಿಎಚ್‌ಎಸ್ ಕ್ಯಾಸೆಟ್ಟು ಅಕ್ಕನ ಮನೆಯ ಅಟ್ಟದಲ್ಲಿತ್ತು. ತೆಗೆದವನು ಮದುವೆಗಳ ವಿಡಿಯೋ ಮಾಡುತ್ತಿದ್ದ ಹುಡುಗ. ಚಿತ್ರ ನಡುಗುತ್ತದೆ, ಬಣ್ಣ ಹರಡಿದೆ, ಮೃದಂಗದ ಸದ್ದು ತಗಡು ಬಡಿದ ಹಾಗಿದೆ. ಆದರೆ ಅವನಿಗೆ ಮದುವೆಯ ಅಭ್ಯಾಸ. ಬಂದವರ ಮುಖ ಬರದಿದ್ದರೆ ನಾಳೆ ಬೈಗುಳ ತಿನ್ನಬೇಕಾಗುತ್ತದೆ ಎಂದು ಗೊತ್ತಿರುವವನು. ಹಾಗಾಗಿ ಅರ್ಧ ಕಚೇರಿ ಆದ ಮೇಲೆ, ಊಟದ ಪಂಕ್ತಿ ತೆಗೆಯುವ ಹಾಗೆ, ದೊಡ್ಡ ಲೈಟು ಹಿಡಿಸಿಕೊಂಡು ಕೇಳುವವರ ಸಾಲುಗಳ ಮೇಲೆ ನಿಧಾನವಾಗಿ ಬಂದಿದ್ದಾನೆ. ಹೆಂಗಸರು ಸೆರಗು ಸರಿಮಾಡಿಕೊಳ್ಳುತ್ತಾರೆ, ಮಕ್ಕಳು ಕೈ ಬೀಸುತ್ತಾರೆ. ಮೂರನೆಯ ಸಾಲಿನಲ್ಲಿ ಅಪ್ಪ. ಲೈಟು ಕಣ್ಣಿಗೆ ಬಿದ್ದರೂ ತಲೆ ಎತ್ತುವುದಿಲ್ಲ. ಕೈ ತೊಡೆಯ ಮೇಲೆ ಆಡುತ್ತಿದೆ.

ಕಡೆಯ ಭಾನುವಾರ ಅದನ್ನು ಮಹಡಿಯಲ್ಲಿ ಹಾಕಿದೆ. ಅದು ಯಾರೆಂದು ಮೊದಲು ಹೇಳಲಿಲ್ಲ. ಪಿಟೀಲಿನ ಹುಡುಗಿ ಮುಂದೆ ಬಾಗಿ ಕೂತು, “ಸರ್, ಇನ್ನೊಂದ್ಸಲ ಹಾಕಿ” ಎಂದಳು. ಹಾಕಿದೆ.

“ಹಾಡು ಮಿಶ್ರಛಾಪು ಸರ್, ಏಳು. ಇವರು ಕಿರುಬೆರಳು, ಉಂಗುರದ ಬೆರಳು ಅಂತ ಎಣಿಸ್ತಾ ಇದ್ದಾರೆ. ಆದಿತಾಳ ಹಾಕ್ತಿದ್ದಾರೆ ಸರ್. ನೋಡಿ, ಕೂಡ್ತಾ ಇಲ್ಲ.”

ಹೌದು. ಬಿಳಿಚಿದ ಬೆರಳುಗಳು ಒಂದೊಂದಾಗಿ ಮಡಚಿಕೊಳ್ಳುತ್ತಿವೆ, ಹಾಡು ಅವನ್ನು ಬಿಟ್ಟು ಮುಂದೆ ಹೋಗಿದೆ. ಒಂದು ಕ್ಷಣ ಕೈ ಗಾಳಿಯಲ್ಲಿ ನಿಲ್ಲುತ್ತದೆ. ಅಪ್ಪ ಪಕ್ಕಕ್ಕೆ ನೋಡುತ್ತಾರೆ. ಪಕ್ಕದಲ್ಲಿ ಕೂತವರು ನಮ್ಮೂರಿನ ಗುಡಿಯಲ್ಲಿ ನಾಗಸ್ವರ ಊದುತ್ತಿದ್ದವರು. ಅವರ ಕೈ ಬೆರಳೆಣಿಸದೆ ಬರೀ ತಟ್ಟಿನಲ್ಲಿ ಏಳನ್ನು ಅಳೆಯುತ್ತಿದೆ. ಅಪ್ಪ ಎರಡು ಆವರ್ತ ಸುಮ್ಮನೆ ಅದನ್ನು ನೋಡುತ್ತಾರೆ, ಆಮೇಲೆ ಮೆಲ್ಲಗೆ ತಾವೂ ತಟ್ಟಲು ಶುರು ಮಾಡುತ್ತಾರೆ. ಅಷ್ಟರಲ್ಲಿ ಕ್ಯಾಮೆರಾ ನಾಲ್ಕನೆಯ ಸಾಲಿಗೆ ಹೋಗುತ್ತದೆ.

“ಹಿಡ್ಕೊಂಡ್ರು ಸರ್” ಎಂದಳು ಹುಡುಗಿ. “ಯಾರು ಸರ್ ಇವರು?”